ಇನ್ನೆಷ್ಟು ಆಟ ಆಡಬೇಕು?

1968ರ ಆಗಸ್ಟಿನಲ್ಲಿ ಕೃತಕ ಬುದ್ಧಿಮತ್ತೆಯ ಸಂಶೋಧಕರು ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಸೇರಿದ್ದರು. ಅಲ್ಲಿನ ಕೂಟವೊಂದರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಮೆಕಾರ್ಥಿ ಚದುರಂಗದ ಮಣೆಯ ಮುಂದೆ ಕೂತರು. ಎದುರಿಗಿದ್ದವರು ಸ್ಕಾಟ್ಲೆಂಡಿನ ಚಾಂಪಿಯನ್, 23 ವರ್ಷದ ಡೇವಿಡ್ ಲೆವಿ. ಆಟ ಲೆವಿಯ ಪಾಲಾಯಿತು. ತಮ್ಮಿಂದ ಆಗದಿದ್ದರೇನು, ಹತ್ತು ವರ್ಷದೊಳಗೆ ಲೆವಿಯನ್ನು ಸೋಲಿಸುವ ಕಂಪ್ಯೂಟರ್ ಬಂದೇ ಬರುತ್ತದೆ ಎಂದರು ಮೆಕಾರ್ಥಿ. ಲೆವಿ ಬಿಡಲಿಲ್ಲ, ಪಣಕ್ಕೆ ಕರೆದರು. ಎಡಿನ್‌ಬರೋದಲ್ಲೇ ಇದ್ದ ಸಂಶೋಧಕ ಡೊನಾಲ್ಡ್ ಮಿಚಿ ಮೆಕಾರ್ಥಿಯ ಪಕ್ಷ ವಹಿಸಿದರು. ಮುಂದಿನ ವರ್ಷಗಳಲ್ಲಿ ಇನ್ನಿಬ್ಬರು ಸಂಶೋಧಕರು ಸೇರಿಕೊಂಡು ಪಣದ ಮೊತ್ತ 1250 ಪೌಂಡಿಗೆ ಏರಿತು.

ಇದು ಮೇಲುನೋಟಕ್ಕೆ ಪಣ, ಒಳಗೆ ಅಳತೆ. ಯಂತ್ರದ ಆಟ ಎಷ್ಟು ಗಟ್ಟಿ ಎಂದು ತಿಳಿಯಲು ಅವತ್ತಿಗೆ ಇದ್ದ ದಾರಿ ಒಂದೇ: ಒಬ್ಬ ಮನುಷ್ಯನನ್ನು ಎದುರಿಗೆ ಕೂರಿಸುವುದು. ಅಲ್ಲಿಂದ ಮುಂದಿನ ಐವತ್ತು ವರ್ಷ ಚದುರಂಗದ ಪ್ರೋಗ್ರಾಂಗಳು ಬಲಿತ ಕಥೆಯನ್ನು ಬೇಕಾದಷ್ಟು ಜನ ಬರೆದಿದ್ದಾರೆ. ಅವುಗಳ ಬಲವನ್ನು ಅಳೆಯಲು ಹೊರಟವರ ಕಥೆ ಅಷ್ಟಾಗಿ ಹೊರಗೆ ಬಂದಿಲ್ಲ. ಅವರು ಹಿಡಿದ ಅಳತೆಗೋಲುಗಳಲ್ಲಿ ಬಹುಪಾಲು, ಹಿಡಿದ ಕೆಲವೇ ವರ್ಷಗಳಲ್ಲಿ ಕೆಲಸಕ್ಕೆ ಬಾರದಾದವು.

ಅಂಕಿಯಲ್ಲಿ ಬಲವನ್ನು ಹೇಳಲು ಇಂದು ಬಳಸುವ ಪದ್ಧತಿ ಬಂದದ್ದು ಅಮೆರಿಕದ ಮಿಲ್ವಾಕಿಯ ಭೌತಶಾಸ್ತ್ರದ ಪ್ರಾಧ್ಯಾಪಕರೊಬ್ಬರಿಂದ. ಆರ್ಪಾಡ್ ಎಲೋ 1903ರಲ್ಲಿ ಹಂಗೆರಿಯಲ್ಲಿ ಹುಟ್ಟಿ, ಬಾಲ್ಯದಲ್ಲೇ ಅಮೆರಿಕ ಸೇರಿದವರು. ಮಾರ್ಕೆಟ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದರು, ವಿಸ್ಕಾನ್ಸಿನ್ ರಾಜ್ಯದ ಚದುರಂಗ ಪ್ರಶಸ್ತಿಯನ್ನು ಹಲವು ಸಲ ಗೆದ್ದಿದ್ದರು. ಅವರ ರೇಟಿಂಗ್ ಪದ್ಧತಿಯನ್ನು ಅಮೆರಿಕದ ಚೆಸ್ ಫೆಡರೇಶನ್ 1960ರಲ್ಲಿ ಒಪ್ಪಿಕೊಂಡಿತು, ವಿಶ್ವ ಚೆಸ್ ಸಂಸ್ಥೆಯಾದ ಫಿಡೆ 1970ರಲ್ಲಿ.

ಎಲೋ ಲೆಕ್ಕದ ತಿರುಳು ಸರಳ. ಇಬ್ಬರು ಆಟಗಾರರ ರೇಟಿಂಗ್ ನಡುವೆ 100 ಅಂಕದ ಅಂತರವಿದ್ದರೆ ಮೇಲಿನವರು ನೂರಕ್ಕೆ ಸುಮಾರು 64 ಪಾಯಿಂಟ್ ಗಳಿಸಬೇಕು, 200ರ ಅಂತರಕ್ಕೆ 76, 400ಕ್ಕೆ 91. ನಿರೀಕ್ಷೆಗಿಂತ ಹೆಚ್ಚು ಗಳಿಸಿದರೆ ರೇಟಿಂಗ್ ಏರುತ್ತದೆ, ಕಡಿಮೆಯಾದರೆ ಇಳಿಯುತ್ತದೆ. ಇಲ್ಲಿ ಅರ್ಥವಿರುವುದು ಅಂತರಕ್ಕೆ ಮಾತ್ರ. 2000 ಎಂಬ ಅಂಕಿಯನ್ನು ಒಂಟಿಯಾಗಿ ಎತ್ತಿಕೊಂಡರೆ ಅದು ಏನನ್ನೂ ಹೇಳುವುದಿಲ್ಲ. ಯಾರೊಂದಿಗೆ ಆಡಿ ಬಂದ ಅಂಕಿ ಎಂಬುದನ್ನೂ ಜೊತೆಗೆ ಹೇಳಬೇಕು. ಎಲೋ ಅವರಿಗೂ ತಮ್ಮ ಲೆಕ್ಕದ ಮೇಲೆ ಕುರುಡು ನಂಬಿಕೆ ಇರಲಿಲ್ಲ. ನೀರಿನ ಮೇಲೆ ಏಳುತ್ತ ಬೀಳುತ್ತ ತೇಲುವ ಬೆಂಡಿನ ಎತ್ತರವನ್ನು, ಗಾಳಿಗೆ ತೂಗಾಡುವ ಹಗ್ಗಕ್ಕೆ ಕಟ್ಟಿದ ಗಜಕೋಲಿನಿಂದ ಅಳೆಯುವ ಕೆಲಸಕ್ಕೆ ಅವರು ಇದನ್ನು ಹೋಲಿಸಿದ್ದುಂಟು.

ಈ ಲೆಕ್ಕದೊಳಗೆ ಮೊದಲು ಕಾಲಿಟ್ಟ ಯಂತ್ರ ಎಂಐಟಿಯ ಮ್ಯಾಕ್ ಹ್ಯಾಕ್. ರಿಚರ್ಡ್ ಗ್ರೀನ್‌ಬ್ಲಾಟ್ ಬರೆದ ಈ ಪ್ರೋಗ್ರಾಂ 1967ರಲ್ಲಿ ಮ್ಯಾಸಚೂಸೆಟ್ಸ್‌ನ ಟೂರ್ನಿಗಳಲ್ಲಿ ಮನುಷ್ಯರ ನಡುವೆ ಆಡಿ ರೇಟಿಂಗ್ ಪಡೆಯಿತು. ಯಂತ್ರಗಳ ಬುದ್ಧಿಯ ಬಗ್ಗೆ ಕಟುವಾಗಿ ಬರೆದಿದ್ದ ತತ್ವಶಾಸ್ತ್ರಜ್ಞ ಹ್ಯೂಬರ್ಟ್ ಡ್ರೈಫಸ್ ಅದರೆದುರು ಕೂತು ಸೋತದ್ದು ಆಗ ದೊಡ್ಡ ಸುದ್ದಿ. ಆದರೂ ಮ್ಯಾಕ್ ಹ್ಯಾಕ್ ಒಬ್ಬ ಸಾಧಾರಣ ಕ್ಲಬ್ ಆಟಗಾರನ ಮಟ್ಟದಲ್ಲೇ ಇತ್ತು. ಲೆವಿಯ ಪಣಕ್ಕೆ ಸದ್ಯ ಅಪಾಯವಿರಲಿಲ್ಲ.

ಹತ್ತು ವರ್ಷದ ಗಡುವು 1978ರ ಆಗಸ್ಟ್ ಕೊನೆಗೆ ಮುಗಿಯುತ್ತಿತ್ತು. ಆ ಹೊತ್ತಿಗೆ ಲೆವಿ ಇಂಟರ್‌ನ್ಯಾಷನಲ್ ಮಾಸ್ಟರ್ ಆಗಿದ್ದರು. ಎದುರಾಳಿಯಾಗಿ ಬಂದದ್ದು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಡೇವಿಡ್ ಸ್ಲೇಟ್ ಮತ್ತು ಲ್ಯಾರಿ ಆಟ್ಕಿನ್ ಬರೆದ ಚೆಸ್ 4.7. ಟೊರಾಂಟೊದ ವಸ್ತುಪ್ರದರ್ಶನದಲ್ಲಿ ಪಂದ್ಯ ನಡೆಯಿತು. ಮೊದಲ ಆಟದಲ್ಲಿ ಲೆವಿ ಇಕ್ಕಟ್ಟಿಗೆ ಸಿಕ್ಕಿ ಹೇಗೋ ಡ್ರಾ ಮಾಡಿಕೊಂಡರು. ಆಮೇಲೆ ಅವರು ಹಿಡಿದ ಉಪಾಯ ವಿಚಿತ್ರವಾದದ್ದು: ಏನನ್ನೂ ಮಾಡದಿರುವುದು, ಅದನ್ನೇ ಅಚ್ಚುಕಟ್ಟಾಗಿ ಮಾಡುವುದು. ಕಾಯಿಗಳನ್ನು ಬಿಗಿಯಾಗಿ ಜೋಡಿಸಿಟ್ಟು ಕಾದರೆ, ದೂರದ ಯೋಜನೆಯಿಲ್ಲದ ಪ್ರೋಗ್ರಾಂ ತಾನಾಗಿಯೇ ತನ್ನ ಕೋಟೆಯನ್ನು ಸಡಿಲಿಸಿಕೊಳ್ಳುತ್ತಿತ್ತು. ಎರಡು, ಮೂರನೆಯ ಆಟಗಳು ಹೀಗೆ ಲೆವಿಗೆ ಬಂದವು. ನಾಲ್ಕನೆಯದರಲ್ಲಿ ಅವರು ಬೇಕೆಂದೇ ಲ್ಯಾಟ್ವಿಯನ್ ಗ್ಯಾಂಬಿಟ್ ಎಂಬ ಹೊಡೆದಾಟದ ಓಪನಿಂಗ್ ಆಡಿ, ಯಂತ್ರದ ಅಂಗಳದಲ್ಲೇ ಕಾದಾಡಿ ಸೋತರು. ಟೂರ್ನಿಯ ಗಡಿಯಾರ ಇಟ್ಟು ಆಡಿದ ಆಟದಲ್ಲಿ ಇಂಟರ್‌ನ್ಯಾಷನಲ್ ಮಾಸ್ಟರ್ ಒಬ್ಬರು ಕಂಪ್ಯೂಟರಿಗೆ ಸೋತದ್ದು ಅದೇ ಮೊದಲು. ಐದನೆಯ ಆಟವನ್ನು ಗೆದ್ದು 3.5–1.5ರಿಂದ ಪಣವನ್ನು ಜೇಬಿಗೆ ಹಾಕಿಕೊಂಡರು.

ಪಂದ್ಯದಿಂದ ಸ್ಪಷ್ಟವಾದ ಸಂಗತಿಯೇ ಬೇರೆ. ಒಂದೇ ಪ್ರೋಗ್ರಾಂ, ಒಬ್ಬನೇ ಎದುರಾಳಿ. ಆದರೂ ಅವನು ಆಡುವ ಬಗೆ ಬದಲಾದೊಡನೆ ಪ್ರೋಗ್ರಾಂನ ಬಲವೂ ಬೇರೆಯಾಗಿ ಕಂಡಿತು. ತನ್ನ ಎದುರಿಗಿರುವುದು ಯಂತ್ರ ಎಂದು ಗೊತ್ತಿರುವ ಮನುಷ್ಯ ಒಳ್ಳೆಯ ಅಳತೆಗೋಲಾಗಲಾರ.

ಮನುಷ್ಯರನ್ನೇ ಬಿಟ್ಟು ಅಳೆಯಬಹುದೇ? ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್. ಡೆನಿಸ್ ರಿಚಿ ಜೊತೆಗೂಡಿ ಯುನಿಕ್ಸ್ ಆಪರೇಟಿಂಗ್ ಸಿಸ್ಟಂ ಕಟ್ಟಿದವರು ಅವರೇ. ಜೋ ಕಾಂಡನ್ ಜೊತೆ ಸೇರಿ ಅವರು ಚದುರಂಗಕ್ಕೆಂದೇ ವಿಶೇಷ ಸರ್ಕ್ಯೂಟುಗಳ ಬೆಲ್ ಎಂಬ ಯಂತ್ರವನ್ನು ಮಾಡಿದ್ದರು. ಸೆಕೆಂಡಿಗೆ ಸುಮಾರು 1,60,000 ಸ್ಥಾನಗಳನ್ನು ಎಣಿಸುತ್ತಿದ್ದ ಬೆಲ್, 1980ರಲ್ಲಿ ಆಸ್ಟ್ರಿಯಾದ ಲಿಂಜ್‌ನಲ್ಲಿ ಕಂಪ್ಯೂಟರ್‌ಗಳ ವಿಶ್ವ ಚಾಂಪಿಯನ್ ಆಯಿತು. 1983ರಲ್ಲಿ ಅಮೆರಿಕದ ಮಾಸ್ಟರ್ ಪಟ್ಟಕ್ಕೆ ಬೇಕಾದ 2200 ರೇಟಿಂಗನ್ನೂ ದಾಟಿತು.

ಥಾಂಪ್ಸನ್ ಅವರ ಪ್ರಯೋಗದಲ್ಲಿ ಬೆಲ್‌ಗೆ ಎದುರಾಳಿ ಬೆಲ್ಲೇ. ಒಂದು ಕಡೆಯ ಬೆಲ್ ಇಂತಿಷ್ಟು ನಡೆ ಮುಂದಕ್ಕೆ ನೋಡಬೇಕು, ಇನ್ನೊಂದು ಕಡೆಯದು ಅದಕ್ಕಿಂತ ಒಂದೇ ಒಂದು ಅರ್ಧ ನಡೆ ಹೆಚ್ಚು. ಅಂದರೆ ಬಿಳಿಯದ್ದೋ ಕರಿಯದ್ದೋ ಇನ್ನೊಂದು ಚಲನೆಯಷ್ಟು. ಉಳಿದದ್ದೆಲ್ಲ ಒಂದೇ. ಆಳಕ್ಕೆ ನೋಡಿದ ಬೆಲ್ ಪ್ರತಿ ಮೆಟ್ಟಿಲಲ್ಲೂ ಕೆಳಗಿನದನ್ನು ಬಗ್ಗುಬಡಿಯಿತು. ಲೆಕ್ಕ ಹಾಕಿದರೆ ಒಂದೊಂದು ಅರ್ಧ ನಡೆಗೂ 200 ಅಂಕದ ಆಸುಪಾಸಿನ ಏರಿಕೆ. ಮೇಲೆ ಹೋದಂತೆ ಏರಿಕೆ ಕಡಿಮೆಯಾಗುತ್ತ ಬಂದದ್ದೂ ಕಂಡಿತು. 1982ರಲ್ಲಿ ಪ್ರಕಟವಾದ ಈ ಫಲಿತಾಂಶ ಹಾರ್ಡ್‌ವೇರ್ ಮಾಡುವವರಿಗೆ ಹೊಸ ಹುರುಪು ಕೊಟ್ಟಿತು: ವೇಗ ಹೆಚ್ಚಿಸಿ, ರೇಟಿಂಗ್ ತಾನೇ ಬರುತ್ತದೆ. ಇದರಲ್ಲೊಂದು ಕೊಕ್ಕೆಯೂ ಇತ್ತು. ಅಣ್ಣತಮ್ಮಂದಿರಂಥ ಎರಡು ಪ್ರೋಗ್ರಾಂಗಳು ಆಡಿದಾಗ, ಇಬ್ಬರೂ ಒಂದೇ ರೀತಿ ಯೋಚಿಸುವುದರಿಂದ, ಸ್ವಲ್ಪ ದೂರ ನೋಡಬಲ್ಲವನಿಗೆ ಸಿಗುವ ಲಾಭ ಅತಿಯಾಗುತ್ತದೆ. ಅದೇ ಅರ್ಧ ನಡೆ ಮನುಷ್ಯನೆದುರು ಅಷ್ಟು ದೊಡ್ಡ ಫಲ ಕೊಡುವುದಿಲ್ಲ.

ಅದೇ 1982ರಲ್ಲಿ ಸ್ಲೊವೇನಿಯಾದ ಇವಾನ್ ಬ್ರಾಟ್ಕೊ ಮತ್ತು ಅಮೆರಿಕದ ಡ್ಯಾನಿ ಕೊಪೆಕ್ ಇನ್ನೊಂದು ದಾರಿ ಹಿಡಿದರು. ಆಟವನ್ನೇ ಆಡಿಸದೆ, ಶಾಲೆಯಲ್ಲಿ ಪರೀಕ್ಷೆ ಇಡುವಂತೆ 24 ಸ್ಥಾನಗಳನ್ನು ಮುಂದಿಟ್ಟರು. ಅರ್ಧ ಸ್ಥಾನಗಳಲ್ಲಿ ಕಾಯಿ ಹೊಡೆಯುವ ತಂತ್ರ, ಇನ್ನರ್ಧದಲ್ಲಿ ಕಾಲಾಳನ್ನು ಸರಿಯಾದ ಹೊತ್ತಿಗೆ ಮುಂದೊತ್ತಿ ಎದುರಾಳಿಯ ಸಾಲನ್ನು ಮುರಿಯುವ ಜಾಣ್ಮೆ. ಪ್ರತಿ ಪ್ರಶ್ನೆಗೆ ಎರಡು ನಿಮಿಷ. ಮನುಷ್ಯರಿಗೂ ಯಂತ್ರಗಳಿಗೂ ಇದೇ ಪತ್ರಿಕೆ. ಯಂತ್ರಗಳು ತಂತ್ರದ ಪ್ರಶ್ನೆಗಳಲ್ಲಿ ಮುಂದು, ಕಾಲಾಳಿನ ಪ್ರಶ್ನೆಗಳಲ್ಲಿ ಹಿಂದು ಎಂಬುದು ಅಂಕಪಟ್ಟಿಯಲ್ಲಿ ಕಾಣಿಸಿತು. ಒಂದು ಗಂಟೆಯೊಳಗೆ ಮುಗಿಯುವ ಈ ಪರೀಕ್ಷೆ ಪ್ರೋಗ್ರಾಂ ಬರೆಯುವವರಿಗೆ ಬಹಳ ಹಿಡಿಸಿತು. ಹಿಡಿಸಿದ್ದೇ ಅದಕ್ಕೆ ಮುಳುವಾಯಿತು. ಪ್ರಶ್ನೆಪತ್ರಿಕೆ ಎಲ್ಲರ ಕೈಯಲ್ಲಿರುವಾಗ, ಅದರಲ್ಲಿ ಒಳ್ಳೆಯ ಅಂಕ ಬರುವಂತೆ ಪ್ರೋಗ್ರಾಮನ್ನು ತಿದ್ದುವುದು ಕಷ್ಟವಲ್ಲ. ತಿದ್ದಿದ ಪ್ರೋಗ್ರಾಂ ಪರೀಕ್ಷೆಯಲ್ಲಿ ಮೇಲೇರಿ, ನಿಜವಾದ ಆಟದಲ್ಲಿ ಇದ್ದಲ್ಲೇ ಇರುತ್ತಿತ್ತು. ಒಮ್ಮೊಮ್ಮೆ ಕೆಳಗೂ ಇಳಿಯುತ್ತಿತ್ತು.

ಈ ಹೊತ್ತಿಗೆ ಚದುರಂಗದ ಯಂತ್ರ ಪ್ರಯೋಗಾಲಯದಿಂದ ಅಂಗಡಿಗೆ ಬಂದಾಗಿತ್ತು. ಮೆಫಿಸ್ಟೊ, ಫಿಡೆಲಿಟಿ, ನೊವಾಗ್ ಹೆಸರಿನ ಚೆಸ್ ಕಂಪ್ಯೂಟರುಗಳು ಯುರೋಪಿನ, ಅಮೆರಿಕದ ಮನೆಗಳನ್ನು ಸೇರುತ್ತಿದ್ದವು. ಜಾಹೀರಾತುಗಳಲ್ಲಿ ಅಚ್ಚಾಗುತ್ತಿದ್ದ ರೇಟಿಂಗನ್ನು ನಂಬುವಂತಿರಲಿಲ್ಲ. ಇದನ್ನು ತಾವೇ ಪರೀಕ್ಷಿಸಿ ನೋಡೋಣ ಎಂದು ಹೊರಟವರು ಸ್ವೀಡನ್ನಿನ ಹವ್ಯಾಸಿಗಳು. ಅವರ ಸಂಘ ಎಸ್‌ಎಸ್‌ಡಿಎಫ್, ಅಂದರೆ ಸ್ವೀಡಿಷ್ ಚೆಸ್ ಕಂಪ್ಯೂಟರ್ ಸಂಘ. 1980ರ ದಶಕದ ನಡುವಿನಿಂದ ಅದು ಹೊರತಂದ ರೇಟಿಂಗ್ ಪಟ್ಟಿಯನ್ನು ಕೊಳ್ಳುವವರೂ ಮಾಡುವವರೂ ಕಾದು ಓದುತ್ತಿದ್ದರು.

ಪಟ್ಟಿಯ ಹಿಂದಿದ್ದದ್ದು ಮೈಮುರಿಯುವ ಕೆಲಸ. ಸದಸ್ಯರು ತಮ್ಮ ಮನೆಯಲ್ಲಿ ಎರಡು ಯಂತ್ರಗಳನ್ನು ಅಕ್ಕಪಕ್ಕ ಇಟ್ಟುಕೊಳ್ಳುತ್ತಿದ್ದರು. ಒಂದು ಯಂತ್ರ ತೋರಿಸಿದ ನಡೆಯನ್ನು ಇನ್ನೊಂದರ ಮಣೆಯ ಮೇಲೆ ಕೈಯಿಂದ ಆಡಬೇಕು, ಅದರ ಉತ್ತರಕ್ಕೆ ಕಾಯಬೇಕು, ಆ ಉತ್ತರವನ್ನು ತಂದು ಮೊದಲನೆಯದಕ್ಕೆ ತಿಳಿಸಬೇಕು. ಮೊದಲ 40 ನಡೆಗೆ ಒಬ್ಬೊಬ್ಬರಿಗೆ ಎರಡು ಗಂಟೆ. ಒಂದು ಆಟಕ್ಕೆ ಒಂದು ರಜಾದಿನ ಹೋಗುತ್ತಿತ್ತು. ಪರ್ಸನಲ್ ಕಂಪ್ಯೂಟರ್ ಬಂದ ಮೇಲೆ ಆಸ್ಟ್ರಿಯಾದ ಕ್ರಿಲಿ ಡೊನ್ನಿಂಗರ್ ರೂಪಿಸಿದ ಆಟೊ 232 ನೆರವಿಗೆ ಬಂತು. ಎರಡು ಪಿಸಿಗಳ ಸೀರಿಯಲ್ ಪೋರ್ಟಿನ ನಡುವೆ ಕೇಬಲ್ ಎಳೆದರೆ ಅವು ರಾತ್ರಿಯಿಡೀ ತಮ್ಮಷ್ಟಕ್ಕೆ ಆಡಿಕೊಳ್ಳುತ್ತಿದ್ದವು.

ಯಂತ್ರಗಳ ನಡುವಿನ ಆಟದಿಂದ ಸಿಗುವುದು ಅಂತರ ಮಾತ್ರ. ಪಟ್ಟಿಯ ಅಂಕಿಗಳು ಮನುಷ್ಯರ ರೇಟಿಂಗಿಗೆ ಹೊಂದಬೇಕಾದರೆ ಎಲ್ಲೋ ಒಂದು ಕಡೆ ಮೊಳೆ ಹೊಡೆಯಬೇಕು. ಇದಕ್ಕಾಗಿ ಸ್ವೀಡನ್ನಿನವರು 1987ರಿಂದ 1991ರವರೆಗೆ ತಮ್ಮ ದೇಶದ ಆಟಗಾರರೆದುರು ಯಂತ್ರಗಳು ಆಡಿದ 337 ಆಟಗಳನ್ನು ಆಧಾರವಾಗಿ ಹಿಡಿದರು. ಮುಂದಿನ ದಶಕದಲ್ಲಿ ಮನುಷ್ಯರೊಂದಿಗಿನ ಆಟಗಳು ವಿರಳವಾದವು, ಯಂತ್ರಗಳ ನಡುವಿನ ಆಟಗಳು ಸಾವಿರಾರಾದವು. ಹೊಸ ಯಂತ್ರ ಹಳೆಯದನ್ನು ಸೋಲಿಸಿ ಮೇಲೇರುವುದು, ಅದನ್ನು ಮತ್ತೂ ಹೊಸದು ಸೋಲಿಸುವುದು. ಥಾಂಪ್ಸನ್ ಅವರ ಬೆಲ್‌ನಲ್ಲಿ ಕಂಡಿದ್ದ ಉಬ್ಬರ ಇಲ್ಲೂ ಸೇರಿಕೊಂಡಿತು. 2000ದ ಆಗಸ್ಟಿನಲ್ಲಿ ಸಂಘ ಇಡೀ ಪಟ್ಟಿಯನ್ನು ಒಮ್ಮೆಗೇ 100 ಅಂಕ ಕೆಳಗಿಳಿಸಿತು. ಯಾವ ಪ್ರೋಗ್ರಾಂನ ಆಟವೂ ಒಂದು ಕೂದಲೆಳೆಯಷ್ಟೂ ಕುಂದಿರಲಿಲ್ಲ.

ಅಳೆಯುವವರು ಜಾಗ್ರತರಾದಷ್ಟೂ ಅಳೆಸಿಕೊಳ್ಳುವವರು ಚತುರರಾದರು. ಪ್ರೋಗ್ರಾಂಗಳಿಗೆ ಮೊದಲ ನಡೆಗಳ ಕಂಠಪಾಠಕ್ಕಾಗಿ ಓಪನಿಂಗ್ ಪುಸ್ತಕವೊಂದು ಇರುತ್ತದೆ. ಪಟ್ಟಿಯಲ್ಲಿ ತಮಗೆ ಎದುರಾಗಲಿರುವ ಯಂತ್ರ ಯಾವ ದಾರಿಯಲ್ಲಿ ಎಡವುತ್ತದೆ ಎಂದು ಮೊದಲೇ ಪತ್ತೆಮಾಡಿ, ಆ ದಾರಿಯನ್ನೇ ಪುಸ್ತಕಕ್ಕೆ ಸೇರಿಸುವವರು ಹುಟ್ಟಿಕೊಂಡರು. ಆಡಿದ ಆಟದಿಂದ ಕಲಿಯುವ ಪ್ರೋಗ್ರಾಂಗಳು ಬಂದ ಮೇಲೆ ಸಮಸ್ಯೆ ಬಿಗಡಾಯಿಸಿತು. ಒಮ್ಮೆ ಗೆದ್ದ ದಾರಿಯನ್ನು ನೆನಪಿಟ್ಟುಕೊಂಡು, ಕಲಿಯಲಾರದ ಎದುರಾಳಿಯ ಮೇಲೆ ಅದೇ ಆಟವನ್ನು ಮತ್ತೆ ಮತ್ತೆ ಆಡಿ ಪಾಯಿಂಟ್ ಬಾಚಬಹುದಿತ್ತು. ಅದು ಆಟದ ಬಲವೇ, ಸ್ಮರಣೆಯ ಚಾಲಾಕಿಯೇ? ಪಟ್ಟಿಯ ಅಂಕಿ ಎರಡನ್ನೂ ಬೇರೆ ಮಾಡಿ ತೋರಿಸುತ್ತಿರಲಿಲ್ಲ.

ಇತ್ತ ದೊಡ್ಡ ಯಂತ್ರಗಳ ಲೋಕದಲ್ಲಿ ಮನುಷ್ಯನೇ ಇನ್ನೂ ಅಳತೆಗೋಲು. ಕಾರ್ನೆಗಿ ಮೆಲನ್‌ನಲ್ಲಿ ಫೆಂಗ್-ಶುಂಗ್ ಶು, ಥಾಮಸ್ ಅನಂತರಾಮನ್, ಮರ್ರೆ ಕ್ಯಾಂಪ್‌ಬೆಲ್ ಮೊದಲಾದ ವಿದ್ಯಾರ್ಥಿಗಳು ಕಟ್ಟಿದ ಡೀಪ್ ಥಾಟ್ 1988ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಬೆಂಟ್ ಲಾರ್ಸನ್ ಅವರನ್ನು ಟೂರ್ನಿಯಲ್ಲಿ ಸೋಲಿಸಿತು. ಮುಂದಿನ ವರ್ಷ ಲೆವಿಯನ್ನು 4–0ಯಿಂದ ಮಣಿಸಿತು. ಮೆಕಾರ್ಥಿ ಹೇಳಿದ್ದ ಗಡುವಿಗಿಂತ ಹನ್ನೊಂದು ವರ್ಷ ತಡವಾಗಿ. ಆ ತಂಡದ ಕೆಲವರು ಐಬಿಎಂ ಸೇರಿ ಮಾಡಿದ ಡೀಪ್ ಬ್ಲೂ 1996ರಲ್ಲಿ ಫಿಲಡೆಲ್ಫಿಯಾದಲ್ಲಿ ವಿಶ್ವ ಚಾಂಪಿಯನ್ ಗ್ಯಾರಿ ಕಾಸ್ಪರೋವ್ ಎದುರು 2–4ರಿಂದ ಸೋತು, 1997ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ 3.5–2.5ರಿಂದ ಗೆದ್ದಿತು. ಜಗತ್ತಿನ ಪತ್ರಿಕೆಗಳಿಗೆ ಅದು ಯುಗಾಂತ್ಯ. ಅಂಕಿಸಂಖ್ಯೆ ಬಲ್ಲವರಿಗೆ ಆರು ಆಟದಲ್ಲಿ ಒಂದು ಪಾಯಿಂಟಿನ ಅಂತರ. ಇಬ್ಬರು ಸಮಬಲರೂ ಹತ್ತಾರು ಸಲ ಆರಾರು ಆಟ ಆಡಿದರೆ ಇಂಥ ಫಲಿತಾಂಶ ಎಷ್ಟೋ ಬಾರಿ ಬರುತ್ತದೆ. ಯಂತ್ರ ಚಾಂಪಿಯನ್‌ಗಿಂತ ಬಲಶಾಲಿ ಎಂದು ಖಚಿತವಾಗಿ ಹೇಳಲು ಇನ್ನಷ್ಟು ಆಟ ಬೇಕಿತ್ತು. ಐಬಿಎಂ ಡೀಪ್ ಬ್ಲೂವನ್ನು ಮತ್ತೆ ಆಡಿಸಲಿಲ್ಲ.

ಗಡಿಯಾರವೂ ಅಳತೆಯ ಭಾಗವೇ ಎಂಬುದು 1998ರಲ್ಲಿ ಇಟಲಿಯ ಇಸ್ಕಿಯಾ ದ್ವೀಪದಲ್ಲಿ ಸ್ಪಷ್ಟವಾಯಿತು. ಅಲ್ಲಿ ವಿಶ್ವನಾಥನ್ ಆನಂದ್ ಎದುರು ಕೂತದ್ದು ನೆದರ್‌ಲೆಂಡ್ಸ್‌ನ ಎಡ್ ಶ್ರೋಡರ್ ಬರೆದ ರೆಬೆಲ್ 10, ಓಡುತ್ತಿದ್ದದ್ದು ಮಾಮೂಲಿ ಪರ್ಸನಲ್ ಕಂಪ್ಯೂಟರಿನ ಮೇಲೆ. ಎಂಟು ಆಟಗಳಲ್ಲಿ ರೆಬೆಲ್ 5–3ರಿಂದ ಗೆದ್ದಿತು. ಬಿಡಿಸಿ ನೋಡಿದರೆ ಚಿತ್ರವೇ ಬೇರೆ. ಕೆಲವೇ ನಿಮಿಷದ ನಾಲ್ಕು ಬ್ಲಿಟ್ಜ್ ಆಟಗಳಲ್ಲಿ ರೆಬೆಲ್‌ಗೆ 3, ಆನಂದ್‌ಗೆ 1. ಸ್ವಲ್ಪ ಹೆಚ್ಚು ಹೊತ್ತಿನ ಎರಡು ಆಟಗಳಲ್ಲಿ ರೆಬೆಲ್‌ಗೆ 1.5, ಆನಂದ್‌ಗೆ 0.5. ಟೂರ್ನಿಯಷ್ಟೇ ಸಮಯವಿದ್ದ ಎರಡು ಆಟಗಳಲ್ಲಿ ಆನಂದ್‌ಗೆ 1.5, ರೆಬೆಲ್‌ಗೆ 0.5. ಇಬ್ಬರಲ್ಲಿ ಬಲಶಾಲಿ ಯಾರು ಎಂಬ ಪ್ರಶ್ನೆಗೆ, ಎಷ್ಟು ನಿಮಿಷದ ಆಟ ಎಂದು ಮೊದಲು ಕೇಳದೆ ಉತ್ತರವಿರಲಿಲ್ಲ.

2002ರಲ್ಲಿ ವಿಶ್ವ ಚಾಂಪಿಯನ್ ವ್ಲಾದಿಮಿರ್ ಕ್ರಾಮ್ನಿಕ್ ಬಹರೇನ್‌ನಲ್ಲಿ ಡೀಪ್ ಫ್ರಿಟ್ಜ್ ಎಂಬ ಪ್ರೋಗ್ರಾಂ ಜೊತೆ 4–4 ಸಮ ಮಾಡಿಕೊಂಡರು. 2005ರಲ್ಲಿ ಲಂಡನ್ನಿನಲ್ಲಿ ಹೈಡ್ರಾ ಎಂಬ ಯಂತ್ರ ಗ್ರ್ಯಾಂಡ್‌ಮಾಸ್ಟರ್ ಮೈಕೆಲ್ ಆಡಮ್ಸ್ ಅವರನ್ನು 5.5–0.5ರಿಂದ ನೆಲಕಚ್ಚಿಸಿತು. 2006ರ ಕೊನೆಯಲ್ಲಿ ಬಾನ್ ನಗರದಲ್ಲಿ ಕ್ರಾಮ್ನಿಕ್ ಮತ್ತೆ ಡೀಪ್ ಫ್ರಿಟ್ಜ್ ಎದುರು ಕೂತು 2–4ರಿಂದ ಸೋತರು. ಅದರಲ್ಲೊಂದು ಆಟದಲ್ಲಿ ಒಂದೇ ನಡೆಯ ಚೆಕ್‌ಮೇಟನ್ನು ಅವರು ಕಾಣದೆ ಹೋದರು. ಅಲ್ಲಿಗೆ ಮನುಷ್ಯನ ಕಡೆಯ ಗೆರೆ ಅಳಿಸಿತು. ಅದೇ ವರ್ಷ ಅಳತೆ ತಿರುವುಮುರುವಾದ ಇನ್ನೊಂದು ಸಂಗತಿಯೂ ನಡೆಯಿತು. 24 ಸ್ಥಾನಗಳಿಂದ ಯಂತ್ರಗಳನ್ನು ಪರೀಕ್ಷಿಸಿದ್ದ ಬ್ರಾಟ್ಕೊ, ಮಾತೇಯ್ ಗುಯಿಡ್ ಜೊತೆ ಸೇರಿ ಕ್ರಾಫ್ಟಿ ಎಂಬ ಪ್ರೋಗ್ರಾಮಿನ ಮುಂದೆ ವಿಶ್ವ ಚಾಂಪಿಯನ್ನರ ಆಟಗಳನ್ನು ಇಟ್ಟರು. ಯಾರು ಎಷ್ಟು ತಪ್ಪಿದ್ದಾರೆ ಎಂದು ಯಂತ್ರ ಎಣಿಸಿತು. ಅತಿ ಕಡಿಮೆ ತಪ್ಪಿದವರು ಕ್ಯೂಬಾದ ಕಾಪಾಬ್ಲಾಂಕಾ ಎಂದು ಲೆಕ್ಕ ಬಂತು.

ಪ್ರೋಗ್ರಾಂಗಳಿಗೆ ಇನ್ನು ಪ್ರೋಗ್ರಾಂಗಳೇ ಗತಿ. ಆಗ ಎದ್ದುನಿಂತ ಸಿಸಿಆರ್‌ಎಲ್, ಸಿಇಜಿಟಿ ಎಂಬ ಸ್ವಯಂಸೇವಕರ ಗುಂಪುಗಳು ಸ್ವೀಡನ್ನಿನವರ ಕೆಲಸವನ್ನು ದೊಡ್ಡದಾಗಿ ಹಬ್ಬಿಸಿದವು. ಬೇರೆ ಬೇರೆ ದೇಶದ ಸದಸ್ಯರು, ಬೇರೆ ಬೇರೆ ವೇಗದ ಕಂಪ್ಯೂಟರುಗಳು. ಎಲ್ಲವನ್ನೂ ಒಂದೇ ಅಳತೆಗೆ ತರುವುದು ಹೇಗೆ? ಸಿಸಿಆರ್‌ಎಲ್ ಒಂದು ಉಪಾಯ ಮಾಡಿತು. ಆಥ್ಲಾನ್ 64 ಎಕ್ಸ್2 4600+ ಕಂಪ್ಯೂಟರಿನಲ್ಲಿ 40 ನಡೆಗೆ 40 ನಿಮಿಷ ಎಂಬುದು ಆಗಿನ ಮಾನ. ಸದಸ್ಯರು ಮೊದಲು ತಮ್ಮ ಕಂಪ್ಯೂಟರಿನಲ್ಲಿ ಕ್ರಾಫ್ಟಿಯ ನಿರ್ದಿಷ್ಟ ಆವೃತ್ತಿಯೊಂದನ್ನು ಓಡಿಸಿ ವೇಗ ಅಳೆಯಬೇಕಿತ್ತು, ಅದಕ್ಕೆ ತಕ್ಕಂತೆ ನಿಮಿಷಗಳನ್ನು ಹಿಗ್ಗಿಸಬೇಕಿತ್ತು ಇಲ್ಲವೇ ಕುಗ್ಗಿಸಬೇಕಿತ್ತು. ಓಪನಿಂಗ್ ಪುಸ್ತಕದ ಚಾಲಾಕಿಗೂ ಮದ್ದು ಸಿಕ್ಕಿತು: ಪ್ರೋಗ್ರಾಂನ ಸ್ವಂತ ಪುಸ್ತಕ ಮುಚ್ಚಿಸಿ, ಎಲ್ಲರಿಗೂ ಹೊರಗಿನಿಂದ ಸಾಮಾನ್ಯ ಓಪನಿಂಗ್‌ಗಳನ್ನು ಕೊಡುವುದು. ಅಂಕಿಯ ಪಕ್ಕದಲ್ಲಿ ಕೂಡಿಸು-ಕಳೆ ಚಿಹ್ನೆ ಹಾಕಿ ದೋಷದ ಮಿತಿಯನ್ನೂ ಬರೆಯುವುದು ರೂಢಿಯಾಯಿತು.

ಆ ಚಿಹ್ನೆಯ ಮುಂದಿನ ಅಂಕಿ ಬೇಗ ಕರಗುವುದಿಲ್ಲ. 100 ಆಟ ಆಡಿಸಿದರೆ ಸಿಗುವ ರೇಟಿಂಗಿನಲ್ಲಿ ಸುಮಾರು 50–60 ಅಂಕ ಆಚೀಚೆ ಆಗಬಹುದು. 1,000 ಆಟಕ್ಕೆ ಅದು ಸುಮಾರು 17–20ಕ್ಕೆ ಇಳಿಯುತ್ತದೆ. ದೋಷವನ್ನು ಅರ್ಧಕ್ಕಿಳಿಸಲು ಆಟಗಳನ್ನು ನಾಲ್ಕು ಪಟ್ಟು ಮಾಡಬೇಕು. ಪ್ರೋಗ್ರಾಂ ಬರೆಯುವವರಿಗೆ ಇದು ನಿತ್ಯದ ಗೋಳು. ಅವರು ಮಾಡುವ ಒಂದೊಂದು ತಿದ್ದುಪಡಿಯ ಲಾಭ ಎರಡೋ ಮೂರೋ ಅಂಕ. ಅದನ್ನು ಅದೃಷ್ಟದಿಂದ ಬೇರ್ಪಡಿಸಿ ನೋಡಲು ಹತ್ತಾರು ಸಾವಿರ ಆಟ ಬೇಕು. ಯಾರ ಮನೆಯಲ್ಲೂ ಅಷ್ಟು ಕಂಪ್ಯೂಟರ್ ಇರಲಿಲ್ಲ.

ಈ ಗಂಟನ್ನು ಬಿಡಿಸಿದವರು ಗ್ಯಾರಿ ಲಿನ್ಸ್‌ಕಾಟ್. ಟೋರ್ಡ್ ರೊಮ್‌ಸ್ಟಾಡ್ ಅವರ ಗ್ಲೌರುಂಗ್‌ನಿಂದ 2008ರಲ್ಲಿ ಕವಲೊಡೆದ ಸ್ಟಾಕ್‌ಫಿಶ್ ಯಾರು ಬೇಕಾದರೂ ತಿದ್ದಬಹುದಾದ ಮುಕ್ತ ಪ್ರೋಗ್ರಾಂ. ಅದಕ್ಕಾಗಿ 2013ರಲ್ಲಿ ಲಿನ್ಸ್‌ಕಾಟ್ ಫಿಶ್‌ಟೆಸ್ಟ್ ಎಂಬ ವ್ಯವಸ್ಥೆ ಕಟ್ಟಿದರು. ಜಗತ್ತಿನ ಮೂಲೆ ಮೂಲೆಯ ಅಭಿಮಾನಿಗಳು ತಮ್ಮ ಕಂಪ್ಯೂಟರಿನ ಬಿಡುವಿನ ಹೊತ್ತನ್ನು ದಾನ ಕೊಡುತ್ತಾರೆ. ಯಾರಾದರೂ ತಿದ್ದುಪಡಿ ಸೂಚಿಸಿದರೆ ಹಳೆಯ ಸ್ಟಾಕ್‌ಫಿಶ್ ಮತ್ತು ತಿದ್ದಿದ ಸ್ಟಾಕ್‌ಫಿಶ್ ಆ ಕಂಪ್ಯೂಟರುಗಳಲ್ಲಿ ಕಾದಾಡುತ್ತವೆ. ಮೊದಲ ಸುತ್ತಿನಲ್ಲಿ ಇಡೀ ಆಟಕ್ಕೆ ಹತ್ತು ಸೆಕೆಂಡು ಮತ್ತು ನಡೆಗೊಂದಿಷ್ಟು ಸೇರಿಕೆ. ಅಲ್ಲಿ ಪಾಸಾದರೆ ಇನ್ನೂ ನಿಧಾನದ ಎರಡನೆಯ ಸುತ್ತು. ಬಹುಪಾಲು ಸೂಚನೆಗಳು ಮೊದಲ ಸುತ್ತಿನಲ್ಲೇ ಉದುರುತ್ತವೆ. ಸೂಚಿಸಿದವರು ಎಷ್ಟು ದೊಡ್ಡ ಆಟಗಾರರು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ.

ಎಷ್ಟು ಆಟವಾದ ಮೇಲೆ ನಿಲ್ಲಿಸಬೇಕು ಎಂಬುದನ್ನು ಫಿಶ್‌ಟೆಸ್ಟ್ ಮೊದಲೇ ನಿಗದಿ ಮಾಡುವುದಿಲ್ಲ. ಅದು ಬಳಸುವ ಸೂತ್ರ ಎರಡನೆಯ ಮಹಾಯುದ್ಧದ ಕಾಲದ್ದು. ಮದ್ದುಗುಂಡಿನ ಪರೀಕ್ಷೆಯಲ್ಲಿ, ಮೊದಲ ಕೆಲವು ಗುಂಡುಗಳಲ್ಲೇ ಫಲಿತಾಂಶ ಗೊತ್ತಾಗುವಂತಿದ್ದರೂ ನಿಯಮದಂತೆ ಸಾವಿರಾರನ್ನು ಸುಟ್ಟು ಹಾಳುಮಾಡಬೇಕಿತ್ತು. 1943ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಅಂಕಿಸಂಖ್ಯಾ ತಂಡದಲ್ಲಿದ್ದ ಅಬ್ರಹಾಂ ವಾಲ್ಡ್ ಇದಕ್ಕೆ ಪರಿಹಾರ ಕಂಡುಹಿಡಿದರು. ಪ್ರತಿ ಫಲಿತಾಂಶ ಬಂದಾಗಲೂ ಸಾಧ್ಯತೆಯ ಅನುಪಾತವನ್ನು ಹೊಸದಾಗಿ ಲೆಕ್ಕಹಾಕಿ, ಅದು ಮೇಲಿನ ಗೆರೆ ಮುಟ್ಟಿದರೆ ಒಪ್ಪುವುದು, ಕೆಳಗಿನ ಗೆರೆ ಮುಟ್ಟಿದರೆ ತಿರಸ್ಕರಿಸುವುದು, ನಡುವೆ ಇದ್ದರೆ ಪರೀಕ್ಷೆ ಮುಂದುವರಿಸುವುದು. ಎಲೋ ಅವರಂತೆ ವಾಲ್ಡ್ ಕೂಡ ಹಳೆಯ ಆಸ್ಟ್ರಿಯಾ-ಹಂಗೆರಿಯಲ್ಲಿ ಹುಟ್ಟಿದವರು, ಅವರಿಗಿಂತ ಒಂದು ವರ್ಷ ಮೊದಲು. ನಾಜಿಗಳು ವಿಯೆನ್ನಾಕ್ಕೆ ನುಗ್ಗಿದ ಮೇಲೆ ಅಮೆರಿಕ ಸೇರಿದ್ದರು. 1950ರಲ್ಲಿ ಭಾರತ ಸರ್ಕಾರದ ಆಹ್ವಾನದ ಮೇಲೆ ಉಪನ್ಯಾಸ ಪ್ರವಾಸಕ್ಕೆ ಬಂದಿದ್ದಾಗ, ಡಿಸೆಂಬರ್ 13ರಂದು ಅವರಿದ್ದ ವಿಮಾನ ನೀಲಗಿರಿಯ ಬೆಟ್ಟಗಳಲ್ಲಿ ಅಪ್ಪಳಿಸಿತು. ಜೊತೆಗಿದ್ದ ಪತ್ನಿಯೂ ಉಳಿಯಲಿಲ್ಲ. ಅವರ ಸೂತ್ರ ಒಂದು ದಿನ ಚದುರಂಗದ ಕೋಟಿಗಟ್ಟಲೆ ಆಟಗಳಿಗೆ ತೀರ್ಪುಗಾರನಾಗುತ್ತದೆ ಎಂದು ಆಗ ಯಾರೂ ಎಣಿಸಿರಲಿಲ್ಲ.

ಎರಡು ಅಂಕ, ಮೂರು ಅಂಕ ಕೂಡಿಸುತ್ತ ಸ್ಟಾಕ್‌ಫಿಶ್ ಮೇಲೇರಿತು. 2017ರ ಡಿಸೆಂಬರಿನಲ್ಲಿ ಗೂಗಲ್‌ನ ಡೀಪ್‌ಮೈಂಡ್ ತಂಡ ಆಲ್ಫಾಜೀರೊ ಸುದ್ದಿ ಹೊರಗೆಡವಿತು. ಆಟದ ನಿಯಮಗಳನ್ನಷ್ಟೇ ಹೇಳಿಕೊಟ್ಟು, ತನ್ನೊಂದಿಗೆ ತಾನೇ ಆಡಿ ಕಲಿಯಲು ಬಿಟ್ಟಿದ್ದ ಪ್ರೋಗ್ರಾಂ ಅದು. ಸ್ಟಾಕ್‌ಫಿಶ್ 8ರ ಎದುರು 100 ಆಟದಲ್ಲಿ 28 ಗೆಲುವು, 72 ಡ್ರಾ, ಒಂದೂ ಸೋಲಿಲ್ಲ. ಎಲೋ ಕೋಷ್ಟಕದಲ್ಲಿ ಇದು ಸುಮಾರು 100 ಅಂಕದ ಮೇಲುಗೈ. ಜಗತ್ತು ಬೆರಗಾಗುತ್ತಿದ್ದಾಗ ಪರೀಕ್ಷಕರು ಷರತ್ತುಗಳನ್ನು ಓದುತ್ತಿದ್ದರು. ಪ್ರತಿ ನಡೆಗೂ ಕಡ್ಡಾಯವಾಗಿ ಒಂದು ನಿಮಿಷ; ಕಷ್ಟದ ಸ್ಥಾನದಲ್ಲಿ ಹೆಚ್ಚು ಹೊತ್ತು ಯೋಚಿಸಿ ಸುಲಭದ್ದರಲ್ಲಿ ಉಳಿಸುವ ಸ್ಟಾಕ್‌ಫಿಶ್‌ನ ಜಾಣ್ಮೆಗೆ ಅಲ್ಲಿ ಎಡೆಯಿರಲಿಲ್ಲ. ಅದಕ್ಕೆ ಕೊಟ್ಟ ಮೆಮೊರಿ ಒಂದೇ ಗಿಗಾಬೈಟ್. ಆಲ್ಫಾಜೀರೊ ಓಡಿದ್ದು ಗೂಗಲ್‌ನ ವಿಶೇಷ ಚಿಪ್‌ಗಳ ಮೇಲೆ. ಎರಡು ಬಗೆಯ ಹಾರ್ಡ್‌ವೇರ್‌ಗಳಲ್ಲಿ ಸಮ ಎಂದರೇನು ಎಂಬುದಕ್ಕೆ ಒಪ್ಪಿತ ಉತ್ತರವೇ ಇರಲಿಲ್ಲ. 2018ರಲ್ಲಿ ತಂಡ ಷರತ್ತುಗಳನ್ನು ಸಡಿಲಿಸಿ, ಒಬ್ಬೊಬ್ಬರಿಗೆ ಮೂರು ಗಂಟೆ ಕೊಟ್ಟು 1,000 ಆಟ ಆಡಿಸಿತು. ಆಲ್ಫಾಜೀರೊಗೆ 155 ಗೆಲುವು, 6 ಸೋಲು, ಉಳಿದದ್ದೆಲ್ಲ ಡ್ರಾ. ಗೆದ್ದದ್ದು ಅದೇ. ಮೇಲುಗೈ ಮಾತ್ರ ಸುಮಾರು 50 ಅಂಕಕ್ಕೆ, ಅಂದರೆ ಮೊದಲಿನ ಅರ್ಧಕ್ಕೆ ಇಳಿದಿತ್ತು.

ಆಲ್ಫಾಜೀರೊದ ದಾರಿ ಹಿಡಿದು ಸ್ವಯಂಸೇವಕರು ಕಟ್ಟಿದ ಲೀಲಾ ಚೆಸ್ ಜೀರೊ, ಪ್ರೋಗ್ರಾಂಗಳ ದೊಡ್ಡ ಟೂರ್ನಿಯಾದ ಟಿಸಿಇಸಿಯ 15ನೆಯ ಆವೃತ್ತಿಯ ಅಂತಿಮ ಪಂದ್ಯದಲ್ಲಿ 2019ರಲ್ಲಿ ಸ್ಟಾಕ್‌ಫಿಶ್ ಅನ್ನು 53.5–46.5ರಿಂದ ಸೋಲಿಸಿತು. 100 ಆಟಗಳಲ್ಲಿ 79 ಡ್ರಾ. ಮರುವರ್ಷ ಸ್ಟಾಕ್‌ಫಿಶ್ ತಾನೂ ಲೀಲಾದಂತೆ ಒಂದು ಚಿಕ್ಕ ನರಜಾಲವನ್ನು, ಅಂದರೆ ನ್ಯೂರಲ್ ನೆಟ್‌ವರ್ಕನ್ನು, ಅಳವಡಿಸಿಕೊಂಡಿತು. ಎನ್‌ಎನ್‌ಯುಇ ಎಂಬ ಆ ತಂತ್ರ ಜಪಾನಿನ ಶೋಗಿ ಆಟಕ್ಕಾಗಿ ಯು ನಾಸು ರೂಪಿಸಿದ್ದು. ಬಲ ಮತ್ತೆ ಜಿಗಿಯಿತು, ಜೊತೆಗೆ ಡ್ರಾಗಳೂ.

ಇದು ಅಳೆಯುವವರು ಎದುರುನೋಡಿರದ ತೊಡಕು. ಮೊದಲ ಸ್ಥಾನದಿಂದ ಆಡಲು ಬಿಟ್ಟರೆ ಇಂದಿನ ಎರಡು ಮೇಲ್ಪಂಕ್ತಿಯ ಪ್ರೋಗ್ರಾಂಗಳ ಆಟ ಹೆಚ್ಚುಕಡಿಮೆ ಯಾವಾಗಲೂ ಡ್ರಾ. ಒಂದು ಇನ್ನೊಂದಕ್ಕಿಂತ ಬಲವಾಗಿದ್ದರೂ ಎಲೋ ಲೆಕ್ಕಕ್ಕೆ ಎರಡೂ ಸಮ. ಹಾಗಾಗಿ ಪರೀಕ್ಷಕರು ಬೇಕೆಂದೇ ಓರೆಯಾದ ಓಪನಿಂಗ್‌ಗಳನ್ನು ಆರಿಸತೊಡಗಿದರು; ಬಿಳಿಗೆ ಆಗಲೇ ಮೇಲುಗೈ ಇರುವ, ಗೆಲುವೋ ಡ್ರಾವೋ ಎಂಬ ಅಂಚಿನಲ್ಲಿ ನಿಂತ ಸ್ಥಾನಗಳು. ಒಂದೊಂದು ಸ್ಥಾನವನ್ನೂ ಎರಡು ಸಲ ಆಡಿಸಿ ಬಣ್ಣ ಅದಲುಬದಲು ಮಾಡುತ್ತಾರೆ. ಎರಡೂ ಸಲ ಬಿಳಿಯೇ ಗೆದ್ದರೆ ಜೋಡಿ ಸಮ. ಬಿಳಿ ಹಿಡಿದಾಗ ಗೆದ್ದು, ಕರಿ ಹಿಡಿದಾಗ ಡ್ರಾ ಉಳಿಸಿಕೊಂಡ ಪ್ರೋಗ್ರಾಂಗೆ ಜೋಡಿ ಸಲ್ಲುತ್ತದೆ. 2020ರ ಸೆಪ್ಟೆಂಬರಿನಲ್ಲಿ ಸ್ಟಾಕ್‌ಫಿಶ್ 12 ಬಿಡುಗಡೆಯಾದಾಗ ಅದರ ತಂಡ ಹೇಳಿಕೊಂಡದ್ದೂ ಈ ಜೋಡಿಗಳ ಲೆಕ್ಕವನ್ನೇ: ಹಿಂದಿನ ಆವೃತ್ತಿಯ ಎದುರು ಅದು ಸೋಲುವ ಜೋಡಿಗಳಿಗಿಂತ ಗೆಲ್ಲುವ ಜೋಡಿಗಳು ಹತ್ತು ಪಟ್ಟಾದರೂ ಹೆಚ್ಚು.

ಸಿಸಿಆರ್‌ಎಲ್ ಪಟ್ಟಿಯ ತುದಿಯಲ್ಲಿ ಇಂದು 3600ರ ಆಚೆಯ ಅಂಕಿಗಳಿವೆ. ಮನುಷ್ಯರಲ್ಲಿ ಅತಿ ಎತ್ತರಕ್ಕೆ ಏರಿದ ಮ್ಯಾಗ್ನಸ್ ಕಾರ್ಲ್‌ಸನ್ 2014ರಲ್ಲಿ ಮುಟ್ಟಿದ್ದು 2882. ಎರಡು ಅಂಕಿಗಳನ್ನು ಒಂದರಿಂದ ಒಂದು ಕಳೆಯುವಂತಿಲ್ಲ, ಏಕೆಂದರೆ ಆ ಎರಡು ಲೋಕಗಳ ನಡುವೆ ಗಂಭೀರವಾದ ಆಟಗಳು ನಿಂತು ವರ್ಷಗಳೇ ಆದವು. ಯಂತ್ರಗಳ ಲೋಕದೊಳಗೂ ಅಂಕಿ ಒಂದೇ ಅಲ್ಲ. ಸಮತೂಕದ ಓಪನಿಂಗ್‌ಗಳಿಂದ ಆಡಿಸಿದರೆ ಕೆಲವೇ ಅಂಕದ ಅಂತರದಲ್ಲಿ ಕಾಣುವ ಎರಡು ಪ್ರೋಗ್ರಾಂಗಳು ಓರೆಯಾದವುಗಳಿಂದ ಆಡಿಸಿದರೆ ಬಹಳ ದೂರ ಸರಿಯುತ್ತವೆ. ಪಟ್ಟಿ ಮಾಡುವವರು ಈಗ ಅಂಕಿಯ ಜೊತೆಗೆ ಗಡಿಯಾರ, ಹಾರ್ಡ್‌ವೇರ್, ಆಟಗಳ ಸಂಖ್ಯೆ ಇವನ್ನೆಲ್ಲ ಬರೆದು, ಯಾವ ಓಪನಿಂಗ್ ಸಂಗ್ರಹದಿಂದ ಆಡಿಸಿದ್ದು ಎಂಬುದನ್ನೂ ಸೇರಿಸುತ್ತಾರೆ. ಓದುವವರು ಮೊದಲು ನೋಡುವುದೂ ಅದನ್ನೇ.